ಮಜ್ಜಿಗೆ ಕುಡಿದ ಮಣ್ಣು

ನಮ್ಮ ಮನೆಯಲ್ಲಿ ಮಣ್ಣು ಮಜ್ಜಿಗೆ ಕುಡಿಯಿತು, ಮಗು ಕುಡಿಯಲಿಲ್ಲ. ಅದಕ್ಕೇ ನನ್ನ ತಂಗಿ ತಿಪ್ಪಮ್ಮನ ಕಾಲುಗಳು ಬಿಲ್ಲಿನಂತೆ ಬಾಗಿದವು. ನಡೆದದ್ದು ಇಷ್ಟು. ಬಸುರಿಯಾಗಿದ್ದಾಗ ಅವ್ವ ಗ್ರಹಣದಲ್ಲಿ ಹೊರಗೆ ನಿಂತಿದ್ದಳು, ಅದರಿಂದ ಹಾಗಾಯಿತು ಎಂದು ಊರು ಹೇಳಿಕೊಂಡು ಬಂದದ್ದು ಸುಳ್ಳು. ದೈವದ ಆಟ ಎಂದು ಅಪ್ಪ ಹೇಳುತ್ತಿದ್ದದ್ದು ಇನ್ನೂ ದೊಡ್ಡ ಸುಳ್ಳು. ಅರವತ್ತು ವರ್ಷ ನಾನು ಇದನ್ನು ಯಾರಿಗೂ ಹೇಳಲಿಲ್ಲ. ಹೋದ ವರ್ಷ ನನ್ನ ಮಗ ಬೋರೇಶ ಟೀವಿಗೆ ಸಿಕ್ಕಿಸಿ ಆಡುವ ಕುಸ್ತಿ ಆಟವೊಂದನ್ನು ಮನೆಗೆ ತಂದ. ಸತ್ತು ಮಣ್ಣಾದ ನಮ್ಮಪ್ಪನನ್ನು ಆ ಆಟದೊಳಗೆ ಎಬ್ಬಿಸಿ ನಿಲ್ಲಿಸಿದರು. ಎದ್ದು ಬಂದವನು ಸುಮ್ಮನಿರಲಿಲ್ಲ, ತಿಪ್ಪಮ್ಮ ಇರುವ ಕೋಣೆಯನ್ನೇ ಕೇಳಿದ. ಆಗ ನಾನು ಬಾಯಿ ಬಿಟ್ಟೆ.

ರಾಂಪುರದ ರಸ್ತೆಯಿಂದ ಒಳಕ್ಕೆ ಹೋದರೆ ನಮ್ಮೂರು. ನಾನು ಹುಟ್ಟಿದ ಮನೆಯಲ್ಲೇ ಮುದುಕಿಯಾಗಿದ್ದೇನೆ. ಸೋದರಮಾವನಿಗೇ ನನ್ನನ್ನು ಕೊಟ್ಟರು, ಅವನು ಮನೆ ಅಳಿಯನಾಗಿ ಬಂದು ಇಲ್ಲೇ ಬಾಳಿ ಇಲ್ಲೇ ಸತ್ತ. ಮಣ್ಣಿನ ಮಾಳಿಗೆ ಮನೆ. ಬೀದಿಗೆ ಮುಖ ಮಾಡಿ ಉದ್ದಕ್ಕೆ ಒಂದು ಕೋಣೆ, ಅದು ಅಪ್ಪನ ಗರಡಿ. ಅದಕ್ಕೆ ಬೇರೆಯದೇ ಬಾಗಿಲು. ಗರಡಿಗೆ ತಲೆ ತಗ್ಗಿಸಿ ಹೋಗಬೇಕೆಂದು ಬಾಗಿಲನ್ನು ಬೇಕೆಂದೇ ಗಿಡ್ಡ ಇಟ್ಟಿದ್ದರು. ಬೀದಿಯ ಮಟ್ಟಕ್ಕೇ ಅದರ ನೆಲ. ಉಳಿದ ಮನೆ ಪಕ್ಕದಲ್ಲಿ, ಮೂರು ಮೆಟ್ಟಿಲು ಮೇಲೆ: ಪಡಸಾಲೆ, ಅಡಿಗೆ ಮನೆ, ಹಿಂದೆ ಒಂದು ಸಣ್ಣ ಕೋಣೆ, ಅದರಾಚೆ ಎರಡು ಎಮ್ಮೆ ಕಟ್ಟುವ ಕೊಟ್ಟಿಗೆ. ಪಡಸಾಲೆಯಿಂದ ಗರಡಿಗೆ ಒಂದು ಒಳಬಾಗಿಲಿತ್ತು. ಹೆಂಗಸರು ಆ ಬಾಗಿಲ ತನಕ ಹೋಗಬಹುದು, ಹೊಸ್ತಿಲು ದಾಟುವ ಹಾಗಿಲ್ಲ. ದಾಟಿದರೆ ಮಣ್ಣಿಗೆ ಮೈಲಿಗೆ, ಆಂಜನೇಯನಿಗೆ ಕೋಪ. ನಾನು ಹುಟ್ಟಿದಾಗ ಅಪ್ಪ ಆ ಹೊಸ್ತಿಲಲ್ಲಿ ನಿಂತು, ಗಂಡೋ ಹೆಣ್ಣೋ ಎಂದು ಕೇಳಿ, ಹೆಣ್ಣು ಎಂದಾಗ ವಾಪಸ್ ಹೋಗಿ ಐನೂರು ಬಸ್ಕಿ ಹೊಡೆದನಂತೆ. ಇದನ್ನು ನಮ್ಮ ಮನೆಯಲ್ಲಿ ಹೆಮ್ಮೆಯ ಮಾತಾಗಿ ಹೇಳುತ್ತಿದ್ದರು.

ನಮ್ಮಪ್ಪ ಪೈಲ್ವಾನ್ ಪಾಲಯ್ಯ ಅಂದರೆ ಬಳ್ಳಾರಿ ತನಕ ಹೆಸರು. ಊರಿಗೆ ಅವನು ಒಳ್ಳೆಯವನೇ. ಯಾರ ಮೇಲೂ ಕೈ ಮಾಡಿದವನಲ್ಲ, ಕುಡಿದವನಲ್ಲ, ಸುಳ್ಳು ಕುಸ್ತಿ ಆಡಿದವನಲ್ಲ. ಆದರೆ ಆ ಮೈ ಯಾರ ತಟ್ಟೆಯಿಂದ ಬೆಳೆಯಿತು ಎಂದು ಊರು ನೋಡಲಿಲ್ಲ. ನಾನು ನೋಡಿದ್ದೇನೆ. ಎರಡೂ ಎಮ್ಮೆಯ ಹಾಲು ಅವನಿಗೆ ಮತ್ತು ಅವನ ಕೈಕೆಳಗಿನ ಇಬ್ಬರು ಗಟ್ಟಿ ಶಿಷ್ಯರಿಗೆ. ತುಪ್ಪ ಅವನೊಬ್ಬನಿಗೆ. ವಾರಕ್ಕೊಮ್ಮೆ ತರುತ್ತಿದ್ದ ಮಾಂಸದ ತುಂಡುಗಳು ಅವನಿಗೆ, ಅವನು ಕಡಿದು ಬಿಟ್ಟ ಮೂಳೆಯನ್ನು ಮತ್ತೆ ನೀರಿಗೆ ಹಾಕಿ ಕುದಿಸಿ ನಮಗೆ ಸಾರು. ನನಗೂ ಅವ್ವನಿಗೂ ಮುದ್ದೆ, ಆ ಬಿಳಿ ಸಾರು, ಒಂದು ಹಸಿಮೆಣಸಿನಕಾಯಿ. ಅಪ್ಪ ಉಣ್ಣುವಾಗ ಯಾರೂ ಮಾತಾಡಬಾರದು, ಮಾತಾಡಿದರೆ ತಿಂದದ್ದು ಮೈಗೆ ಹತ್ತುವುದಿಲ್ಲವಂತೆ. ನಾವು ಗೋಡೆಗೆ ಒರಗಿ ಕೂತು ಒಂದು ಮೈ ಬೆಳೆಯುವುದನ್ನು ನೋಡುತ್ತಿದ್ದೆವು. ಉಂಡು ಎದ್ದು ಅವನು ತೋಳು ಸವರಿಕೊಂಡರೆ ಅವತ್ತಿನ ಅಡಿಗೆ ಚೆನ್ನಾಗಿತ್ತು ಎಂದು ಅರ್ಥ.

ಹಾಲು ಹೋಗಲಿ, ಬೆಣ್ಣೆ ತೆಗೆದ ಮೇಲೆ ಮಜ್ಜಿಗೆಯಾದರೂ ಉಳಿಯಬೇಕಲ್ಲ. ಅದನ್ನು ಮಣ್ಣು ಕುಡಿಯುತ್ತಿತ್ತು. ಗರಡಿಯ ಕೆಮ್ಮಣ್ಣು ಗಟ್ಟಿಯಾಗಬಾರದು, ಬಿದ್ದವರ ಮೈ ಮುರಿಯಬಾರದು, ಗಾಯ ಕೀವಾಗಬಾರದು ಎಂದು ಅದಕ್ಕೆ ಮಜ್ಜಿಗೆ, ಎಣ್ಣೆ, ಅರಿಶಿನ, ನಿಂಬೆರಸ ಹಾಕಿ ಕಲಸುತ್ತಾರೆ. ವಾರಕ್ಕೆ ಎರಡು ಸಲ, ಹತ್ತಿರದಲ್ಲಿ ಕುಸ್ತಿ ಇದ್ದರೆ ದಿನವೂ. ಅರಿಶಿನ ಕುಟ್ಟುವವಳು ಅವ್ವ, ಮಜ್ಜಿಗೆ ಕಡೆಯುವವಳು ಅವ್ವ, ಅದನ್ನು ಕೊಡದಲ್ಲಿ ಹೊತ್ತು ಒಳಬಾಗಿಲ ತನಕ ಒಯ್ಯುವವಳು ನಾನು. ಅಲ್ಲಿಂದ ಶಿಷ್ಯರು ತಗೊಂಡು ಹೋಗಿ ಸುರಿಯುತ್ತಿದ್ದರು. ನನಗೆ ಒಂಬತ್ತು ವರ್ಷ. ತಿಪ್ಪಮ್ಮನಿಗೆ ಎರಡು ತುಂಬಿದ್ದರೂ ನಿಲ್ಲುತ್ತಿರಲಿಲ್ಲ, ಕುಂಡಿ ಎಳೆದುಕೊಂಡು ಪಡಸಾಲೆಯಲ್ಲಿ ಓಡಾಡುತ್ತಿದ್ದಳು. ಕೊಡ ಬರುವ ಹೊತ್ತು ಅವಳಿಗೆ ಗೊತ್ತಿತ್ತು. ದಾರಿಗೆ ಬಂದು ನನ್ನ ಲಂಗ ಹಿಡಿದು ಬಾಯಿ ತೆರೆಯುತ್ತಿದ್ದಳು, ಗೂಡಿನ ಮರಿಯ ಹಾಗೆ. ನಾನು ಲಂಗ ಬಿಡಿಸಿಕೊಂಡು ಹೋಗುತ್ತಿದ್ದೆ. ಒಂದು ದಿನ ಅವ್ವ ಇದನ್ನು ಕಂಡಳು. ಅವ್ವ ರಾಯದುರ್ಗದ ಕಡೆಯವಳು, ಸಿಟ್ಟು ಬಂದರೆ ತೆಲುಗು. ಒಳಬಾಗಿಲಲ್ಲಿ ನಿಂತು, ಶಿಷ್ಯರೆಲ್ಲ ಕೇಳುವ ಹಾಗೆ ಅಂದಳು:

"ಬಿಡ್ಡಕು ಲೇದು, ಮಟ್ಟಿಕಿ ಉಂದಾ?"

ಮಗುವಿಗೆ ಇಲ್ಲದ್ದು ಮಣ್ಣಿಗೆ ಇದೆಯಾ ಎಂದು. ನಮ್ಮ ಕಡೆ ಎಲ್ಲರಿಗೂ ತೆಲುಗು ಬರುತ್ತದೆ, ಶಿಷ್ಯರು ತಲೆ ತಗ್ಗಿಸಿದರು. ಅಪ್ಪ ಮೈಗೆ ಹತ್ತಿದ ಮಣ್ಣು ಒರೆಸಿಕೊಳ್ಳುತ್ತ ಬಂದ. ಕೂಗಾಡಲಿಲ್ಲ.

"ಮಣ್ಣು ಅಂದ್ರೆ ತಾಯಿ ಕಣೆ. ಅವಳಿಗೆ ಕಮ್ಮಿ ಮಾಡಿದ್ರೆ ಮೈ ಮುರೀತಾಳೆ."

"ಈ ತಾಯಿ ಹೆತ್ತಿದ್ದು ಐತಲ್ಲ, ಅದು?"

"ಅದುಕ್ಕೆ ನಿನ್ನ ಮೊಲೆ ಹಾಲಿಲ್ವಾ?"

ಎರಡು ವರ್ಷದ ಮಗುವಿಗೆ, ಬಿಳಿ ಸಾರು ಕುಡಿದವಳ ಎದೆಯಲ್ಲಿ ಎಷ್ಟು ಹಾಲಿರುತ್ತದೆ? ಮಾರನೆ ದಿನ ನನ್ನ ತಲೆಗೆ ಕೊಡ ಏರಿಸುವಾಗ ಅವ್ವನ ಕೈ ಸ್ವಲ್ಪ ಜೋರಾಗಿತ್ತು, ಅಷ್ಟೇ.

ನನ್ನ ಪಾಲನ್ನೂ ಹೇಳಿಬಿಡುತ್ತೇನೆ. ಅಪ್ಪನಿಗೆ ದಿನಾ ಬಾದಾಮಿ ಅರೆದು ಹಾಲಿಗೆ ಹಾಕುವ ಕೆಲಸವೂ ನನ್ನದು. ಅರೆದಾದ ಮೇಲೆ ಕಲ್ಲಿನ ಸಂದಿಯಲ್ಲಿ ಒಂದಿಷ್ಟು ಉಳಿಯುತ್ತಿತ್ತು. ಬೆರಳಲ್ಲಿ ಬಳಿದು ತಿನ್ನುತ್ತಿದ್ದೆ. ಒಂದು ಸಲವೂ ತಿಪ್ಪಮ್ಮನ ಬಾಯಿಗೆ ಇಡಲಿಲ್ಲ. ನನಗೆ ಹಸಿವಿತ್ತು. ಏಳೆಂಟು ವರ್ಷ ಹಾಗೇ ನಡೆಯಿತು. ಅವಳು ಗೋಡೆ ಹಿಡಿದು ನಿಂತಾಗ ಕಾಲುಗಳು ಹೊರಕ್ಕೆ ಬಾಗಿದ್ದವು, ಆ ಸಂದಿಯಲ್ಲಿ ಕೋಳಿ ನುಗ್ಗಿ ಹೋಗಬಹುದಿತ್ತು. ಊರಿನ ಹೆಂಗಸರು ಬಂದು ನೋಡಿ ಗ್ರಹಣದ ಕತೆ ಕಟ್ಟಿದರು. ಅವ್ವನೇ ಅದನ್ನು ನಂಬಿಬಿಟ್ಟಳು, ಸಾಯುವ ತನಕ ಗ್ರಹಣ ಬಂದರೆ ಕಂಬಳಿ ಹೊದ್ದು ಮೂಲೆಯಲ್ಲಿ ಕೂರುತ್ತಿದ್ದಳು. ಆಮೇಲೆ ಎಷ್ಟೋ ವರ್ಷಕ್ಕೆ ಬಳ್ಳಾರಿಯಲ್ಲಿ ಒಬ್ಬ ನರ್ಸಮ್ಮ ತಿಪ್ಪಮ್ಮನ ಕಾಲು ನೋಡಿ, ಚಿಕ್ಕಂದಿನಲ್ಲಿ ಹಾಲು ಮೊಸರು ಏನೂ ಕೊಡಲಿಲ್ಲವಾ ಎಂದು ನನ್ನನ್ನು ಕೇಳಿದಳು. ಮನೆಯಲ್ಲಿ ಎಮ್ಮೆ ಇರಲಿಲ್ಲ ಎಂದು ಹೇಳಿ ಬಂದೆ.

ಅಪ್ಪನಿಗೆ ವಯಸ್ಸಾಯಿತು, ಶಿಷ್ಯರು ಒಬ್ಬೊಬ್ಬರೇ ಹೋದರು, ಮಣ್ಣು ಒಣಗಿತು. ಸಾಯುವ ಮುಂಚೆ ಮನೆಯ ಖಾತೆಯನ್ನು ಪೂರ್ತಿ ನನ್ನ ಹೆಸರಿಗೆ ಮಾಡಿಸಿದ. ಕಾಲಿಲ್ಲದವಳಿಗೆ ಮನೆ ಯಾಕೆ, ನೀನು ಒಂದು ತುತ್ತು ಹಾಕಿದರೆ ಸಾಕು ಎಂದ. ನಾನು ಹೂಂ ಅಂದೆ. ಅವನ ತಿಥಿ ಮುಗಿದ ಮೇಲೆ ಗರಡಿಯ ಮಣ್ಣು ತೆಗೆಸಿ ಸಿಮೆಂಟು ಹಾಕಿಸಿದೆವು, ತಿಪ್ಪಮ್ಮ ಅಲ್ಲಿಗೆ ಇಳಿದಳು. ಮೆಟ್ಟಿಲಿಲ್ಲ, ನೆಲ ಸಮ, ಬೀದಿಗೆ ನೇರ ಬಾಗಿಲು. ದೊಡ್ಡ ದೊಡ್ಡ ಪೈಲ್ವಾನರು ಬಗ್ಗಿ ನುಗ್ಗುತ್ತಿದ್ದ ಬಾಗಿಲಲ್ಲಿ ಅವಳು ನೆಟ್ಟಗೆ ಹೋಗುತ್ತಾಳೆ, ಅಷ್ಟು ಗಿಡ್ಡ. ಅವಳ ದುಡಿಮೆಯೂ ಅಲ್ಲೇ. ಮೊಳಕಾಲ್ಮೂರಿನ ರೇಷ್ಮೆ ಮಗ್ಗದವರಿಗೆ ಒಂದು ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹಾಸಿದ ಎಳೆ, ಮುಗಿದಾಗ, ಹೊಸ ಹಾಸಿನ ಎಳೆಗಳನ್ನು ಹಳೆಯ ಎಳೆಗಳ ತುದಿಗೆ ಒಂದೊಂದಾಗಿ ಹೊಸೆದು ಸೇರಿಸಬೇಕು. ಕೂದಲಿಗಿಂತ ಸಣ್ಣ ಎಳೆ, ಸಾವಿರಗಟ್ಟಲೆ. ಬೆರಳಿಗೆ ಬೂದಿ ಹಚ್ಚಿಕೊಂಡು, ಎಳೆ ಸಿಕ್ಕ ಗಳಿಗೆಯಲ್ಲೇ ತಿರುಚಿ ಬಿಡಬೇಕು, ಒಂದು ಚಣ ತಡವಾದರೆ ಜಾರುತ್ತದೆ. ಮಗ್ಗದವರು ಎಳೆ ಪೋಣಿಸಿದ ಹಣಿಗೆ ಸಮೇತ ತಂದು ಅವಳ ಮುಂದೆ ಇಳಿಸಿ ಹೋಗುತ್ತಾರೆ, ಆ ಉದ್ದ ಕೋಣೆಯಲ್ಲಿ ಹಾಸು ಬಿಚ್ಚಿ ಹರಡಲು ಜಾಗ ಸಾಲುತ್ತದೆ. ಹೀಗಾಗಿ ಅಪ್ಪ ಹೇಳಿದ ಆ ಒಂದು ತುತ್ತನ್ನು ನಾನು ಯಾವತ್ತೂ ಅವಳಿಗೆ ಹಾಕಲಿಲ್ಲ. ಅವಳ ಅನ್ನ ಅವಳೇ ದುಡಿದು ಉಂಡಳು, ಕೆಲವು ವರ್ಷ ನನ್ನದೂ ಅವಳೇ ದುಡಿದಳು.

ಈಗ ಮಗನ ಕತೆ. ಬೋರೇಶ ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲೊಂದರ ಸೂಪರ್‌ವೈಜರ್. ಶನಿವಾರ ಹೆಂಡತಿ ಮಗಳನ್ನು ಕರೆದುಕೊಂಡು ಬಂದು ಸೋಮವಾರ ಹೋಗುತ್ತಾನೆ. ಮಗಳು ಸಿಂಧು ಕಾಲೇಜು ಓದುತ್ತಾಳೆ, ಆ ಕುಸ್ತಿ ಆಟದಲ್ಲಿ ಅವಳೇ ಪಳಗಿದವಳು. ನಾನು ಮೊದಲು ಟೀವಿಯಲ್ಲಿ ಬರುವ ಫಾರಿನ್ ಕುಸ್ತಿಯೇ ಎಂದುಕೊಂಡೆ. ಅಲ್ಲ, ಇವರು ಕೈಯಲ್ಲಿ ಹಿಡಿದ ಡಬ್ಬಿಯ ಗುಂಡಿ ಒತ್ತಿದ ಹಾಗೆ ಅಲ್ಲಿ ಆಳುಗಳು ಬಡಿದಾಡುತ್ತಾರೆ. ಕುಸ್ತಿಗೆ ಮುಂಚೆ ಹೊಗೆ, ಬೆಂಕಿ, ದೀಪ, ಹಾಡು; ಆಳು ನಡೆದು ಬರುವುದನ್ನೇ ಐದು ನಿಮಿಷ ತೋರಿಸುತ್ತಾರೆ. ಕುರ್ಚಿ ತಗೊಂಡು ತಲೆಗೆ ಹೊಡೆಯಬಹುದು. ಮೇಜಿನ ಮೇಲೆ ಎತ್ತಿ ಹಾಕಿ ಮುರಿಯಬಹುದು. ರೆಫ್ರಿ ನೋಡದಿದ್ದರೆ ಏನು ಮಾಡಿದರೂ ನಡೆಯುತ್ತದೆ. ತಲೆಯ ಹತ್ತಿರ ಒಂದು ಪಟ್ಟಿ ಇರುತ್ತದೆ, ಆಳು ದಣಿದ ಹಾಗೆ ಅದು ಕಮ್ಮಿಯಾಗುತ್ತದೆ. ಎಷ್ಟು ಹೊಡೆತ ತಿಂದರೂ ಸ್ವಲ್ಪ ಹೊತ್ತು ಸುಮ್ಮನೆ ನಿಂತರೆ ಮತ್ತೆ ತುಂಬುತ್ತದೆ. ಹಾಲಿಲ್ಲ, ಬಾದಾಮಿ ಇಲ್ಲ, ಅಡಿಗೆ ಮನೆಯೇ ಇಲ್ಲ. ಹೀಗೆ ಮೈ ಬರುವುದಾಗಿದ್ದರೆ ನಮ್ಮಪ್ಪನಿಗೆ ನಾವು ಯಾಕೆ ಬೇಕಿದ್ದೆವು ಎಂದು ಅನ್ನಿಸಿತು.

ಆ ಆಟದಲ್ಲಿ ನಮಗೆ ಬೇಕಾದ ಆಳನ್ನು ನಾವೇ ಮಾಡಿಕೊಳ್ಳಬಹುದಂತೆ. ಒಂದು ಶನಿವಾರ ಸಿಂಧು ಪಡಸಾಲೆಯಲ್ಲಿದ್ದ ನಮ್ಮಪ್ಪನ ಫೋಟೋ ಇಳಿಸಿ ಮುಂದಿಟ್ಟುಕೊಂಡು ಕೂತಳು. ಮೂಗು, ಮೀಸೆ, ಕಿವಿ, ಹೊಟ್ಟೆ, ಒಂದೊಂದನ್ನೂ ಎಳೆದು ತಿದ್ದಿದಳು. ಮುಂದಿನ ವಾರ ಬಂದಾಗ, ಭಾನುವಾರ ಮಧ್ಯಾಹ್ನ ಉಂಡಾದ ಮೇಲೆ ನೋಡಲು ಕರೆದರು. ತಿಪ್ಪಮ್ಮ ಮೆಟ್ಟಿಲು ಹತ್ತುವುದಿಲ್ಲವಾದ್ದರಿಂದ ಟೀವಿಯನ್ನೇ ಗರಡಿಗೆ ಇಳಿಸಿದ್ದರು. ಹೊಗೆಯ ನಡುವಿನಿಂದ ನಮ್ಮಪ್ಪ ನಡೆದು ಬಂದ. ನಾನು ಎದ್ದು ನಿಂತುಬಿಟ್ಟೆ, ಸುಳ್ಳು ಹೇಳುವುದಿಲ್ಲ. ಅದೇ ಕತ್ತು, ಅದೇ ಕಿವಿ. ಕಾಲಿಗೆ ಮಾತ್ರ ಮೊಣಕಾಲುದ್ದ ಬೂಟು.

"ಗರಡಿಗೆ ಬೂಟಾಕ್ಕೊಂಡು ಬಂದವ್ನಲ್ಲೇ ನಿಮ್ಮ ಮುತ್ತಾತ," ಎಂದಳು ತಿಪ್ಪಮ್ಮ. "ಇದ್ದಿದ್ರೆ ನಿನ್ನ ಚರ್ಮ ಸುಲೀತಿದ್ದ."

"ಚಿಕ್ಕಜ್ಜಿ, ಆಮೇಲೆ ಬಿಚ್ಚಿಸ್ತೀನಿ. ಮೊದ್ಲು ಒಂದು ಹೇಳ್ರಿ. ಇವ್ರು ಒಳ್ಳೇರಾ, ಕೆಟ್ಟೋರಾ? ಇಲ್ಲಿ ಹಾಕ್ಬೇಕು."

ಆ ಆಟದಲ್ಲಿ ಹಾಗೊಂದು ಇದೆ. ಒಳ್ಳೆಯವನು ಎಂದು ಹಾಕಿದರೆ ಜನ ಚಪ್ಪಾಳೆ ಹೊಡೆಯುತ್ತಾರೆ, ಕೆಟ್ಟವನು ಎಂದು ಹಾಕಿದರೆ ಥೂ ಎನ್ನುತ್ತಾರೆ.

"ಕೇಳೋದೇನೈತೆ, ಒಳ್ಳೇರು," ಎಂದ ಬೋರೇಶ.

"ಕೆಟ್ಟೋನು ಅಂತ ಹಾಕು," ಎಂದೆ ನಾನು.

ಎಲ್ಲರೂ ನನ್ನ ಮುಖ ನೋಡಿದರು. ಬೋರೇಶ ನಕ್ಕು, ಅವ್ವನ ಮಾತು ಬಿಡು ಎಂದು ಮಗಳಿಗೆ ಹೇಳಿ, ಬಾಗಿಲ ಹಿಂದೆ ಸುತ್ತಿಟ್ಟಿದ್ದ ಒಂದು ಫ್ಲೆಕ್ಸ್ ತಂದು ನೆಲದ ಮೇಲೆ ಬಿಚ್ಚಿದ. ಆಟದಲ್ಲಿದ್ದ ಅಪ್ಪನ ಚಿತ್ರವನ್ನೇ ಆಳೆತ್ತರಕ್ಕೆ ಹೊಡೆಸಿದ್ದ, ಬೂಟು ಸಮೇತ. ಮೇಲೆ ದಪ್ಪ ಅಕ್ಷರದಲ್ಲಿ, ಪೈಲ್ವಾನ್ ಪಾಲಯ್ಯ ಜಿಮ್.

"ಇದೇ ರೂಮಾಗೆ ಮಾಡ್ತೀನಿ ಅವ್ವ. ಅಜ್ಜನ ಗರಡಿ ಮತ್ತೆ ಶುರು ಆಗ್ಬೇಕು. ಕುದಾಪುರದ ಕಡೆ ಸೆಕ್ಯೂರಿಟಿ ಕೆಲ್ಸಕ್ಕೆ ಹೋಗೋ ಹುಡುಗ್ರೆಲ್ಲ ಮೈ ಬೆಳಸ್ಕಣಾಕೆ ಚಳ್ಳಕೆರೆಗೇ ಹೋಗ್ಬೇಕು ಈಗ. ಬುಧವಾರ ಸಾಮಾನು ಬರ್ತಾವೆ, ಮುಂಗಡ ಕೊಟ್ಟೀನಿ."

"ಇಲ್ಲಿರೋಳು?"

"ಚಿಕ್ಕವ್ವಗೆ ಹಿಂದಿನ ರೂಮು. ಫ್ಯಾನ್ ಹಾಕಿಸ್ಕೊಡ್ತೀನಿ."

"ಫ್ಯಾನು ನನ್ನ ಎತ್ಕಂಡು ಮೆಟ್ಲು ಹತ್ತಿಸ್ತೈತೇನಪ್ಪ?" ಎಂದಳು ತಿಪ್ಪಮ್ಮ. "ಹಾಸು ಎಲ್ಲಿ ಹರವ್ಲಿ? ಎಮ್ಮೆ ಬೆನ್ನ ಮ್ಯಾಲಾ?"

"ಇನ್ನೂ ಎಷ್ಟು ದಿನ ಅಂತ ಎಳೆ ಹೊಸೀತೀಯ ಚಿಕ್ಕವ್ವ. ಕುಂತ್ಕಂಡು ಉಣ್ಣು. ಅಜ್ಜ ನಮ್ಮನ್ನೆಲ್ಲ ಸಾಕಿದೋರು, ಅವರ ಹೆಸ್ರಿಗೆ ಇಷ್ಟಾದ್ರೂ ಬ್ಯಾಡ್ವಾ?"

ಸಾಕಿದ ಎಂಬ ಮಾತು ಕೇಳಿದ ಮೇಲೆ ನಾನು ಸುಮ್ಮನಿರುವುದಕ್ಕೆ ಆಗಲಿಲ್ಲ. ಹೇಳಿಬಿಟ್ಟೆ. ಹಾಲು ಯಾರಿಗೆ ಹೋಯಿತು, ಮಜ್ಜಿಗೆ ಎಲ್ಲಿಗೆ ಹೋಯಿತು, ಕೊಡ ಹೊತ್ತವರು ಯಾರು, ಲಂಗ ಹಿಡಿದವರು ಯಾರು. ಅರೆಯುವ ಕಲ್ಲಿನದನ್ನೂ ಹೇಳಿದೆ. ಸಿಂಧು ಗುಂಡಿಯ ಡಬ್ಬಿ ಕೆಳಗಿಟ್ಟಳು. ಬೋರೇಶನ ಮುಖ ಕೆಂಪಗಾಯಿತು, ಸತ್ತವರ ಮೇಲೆ ಹಿಂಗೆಲ್ಲ ಹೇಳಬಾರದು, ಆ ಕಾಲದಲ್ಲಿ ಎಲ್ಲರ ಮನೆಯಲ್ಲೂ ಹಂಗೇ ಇತ್ತು ಎಂದ. ನಾನು ತಿಪ್ಪಮ್ಮನ ಕಡೆ ತಿರುಗಿದೆ. ಅವಳು ತನ್ನ ಬೆರಳಿನ ಬೂದಿಯನ್ನು ಸೀರೆಗೆ ಒರೆಸಿಕೊಳ್ಳುತ್ತಿದ್ದಳು.

"ಬಾದಾಮಿದು ನಂಗೆ ಗೊತ್ತಿತ್ತು," ಎಂದಳು. "ದಿನಾ ನಿನ್ನ ಬಾಯಿ ಘಮ್ ಅಂತಿತ್ತು."

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದೆ ಟೀವಿಯ ಮೇಲೆ ಬಂತು. ಅಲ್ಲಿ ಅಪ್ಪ ಎದೆ ಸೆಟೆದು ನಿಂತೇ ಇದ್ದ.

"ಸಿಂಧು, ಇವಳ್ನೂ ಆಟದಾಗೆ ಹಾಕು. ಅವನ ಎದುರಿಗೆ ನಿಲ್ಸು."

ಹುಡುಗಿ ಬೋರೇಶನ ಮುಖ ನೋಡಿ, ಆಮೇಲೆ ನೋಡುವುದು ಬಿಟ್ಟು ಕೆಲಸ ಶುರು ಮಾಡಿದಳು. ಬೆಳ್ಳಿ ಕೂದಲು ಸಿಕ್ಕಿತು. ಸೀರೆ ಸಿಗಲಿಲ್ಲ, ಒಂದು ಉದ್ದ ಲಂಗದಂಥದು ಹಾಕಿದಳು. ಮೂಗು ಸರಿ ಬಂತು. ಕಾಲಿಗೆ ಬಂದಾಗ ಕೈ ನಿಲ್ಲಿಸಿದಳು.

"ಕಾಲಿಗೆ ಏನೇನೈತೆ ಅದ್ರಾಗೆ?" ಎಂದೆ.

"ದಪ್ಪ ಮಾಡ್ಬೌದು, ಸಣ್ಣ ಮಾಡ್ಬೌದು. ಉದ್ದ, ಗಿಡ್ಡ. ಸೊಟ್ಟ ಮಾಡಾಕೆ ಆಗಲ್ಲ ಅಜ್ಜಿ."

"ಅಪ್ಪಗೆ ಬೇಕಾದಂಗೆ ಮಾಡವ್ರೆ ಆಟಾನ," ಎಂದೆ.

"ನೆಟ್ಟಗೇ ಇರ್ಲಿ ಬಿಡೆ," ಎಂದಳು ತಿಪ್ಪಮ್ಮ. "ನಂಗೇನು ನಷ್ಟ?"

ಅಪ್ಪನನ್ನು ಆಡಿಸುವ ಡಬ್ಬಿ ಬೋರೇಶ ಹಿಡಿದ. ತಾನು ಗೆದ್ದು ಈ ಮಾತನ್ನು ಮುಗಿಸಿಬಿಡಬೇಕು ಎಂದು ಅವನಿಗಿತ್ತು, ಅವನು ಕೂತ ರೀತಿಯಲ್ಲೇ ಕಂಡಿತು. ಸಿಂಧು ತಿಪ್ಪಮ್ಮನಿಗೆ ಒಂದೇ ಗುಂಡಿ ಹೇಳಿಕೊಟ್ಟಳು. ಎದುರಿನವನು ಪಟ್ಟು ಹಾಕಲು ಬಂದಾಗ ನಿನ್ನ ತಲೆಯ ಮೇಲೆ ಒಂದು ಗುರುತು ಮಿನುಗುತ್ತದೆ, ಅದು ಮಿನುಗಿದ ಗಳಿಗೆಗೆ ಸರಿಯಾಗಿ ಇದನ್ನು ಒತ್ತಿದರೆ ಅವನ ಪಟ್ಟು ಅವನಿಗೇ ತಿರುಗುತ್ತದೆ, ಮುಂಚೆ ಒತ್ತಿದರೂ ಇಲ್ಲ, ಆಮೇಲೆ ಒತ್ತಿದರೂ ಇಲ್ಲ. ಮೊದಲ ಸಲ ಅಪ್ಪ ತಿಪ್ಪಮ್ಮನನ್ನು ಎತ್ತಿ ನೆಲಕ್ಕೆ ಹಾಕಿದ. ಟೀವಿಯೊಳಗಿನ ಜನ ಚಪ್ಪಾಳೆ ಹೊಡೆದರು. ಎರಡನೆ ಸಲವೂ ಹಾಕಿದ. ಅಪ್ಪನ ಕೈ ಬೀಳುವಾಗ ನನ್ನ ಕಣ್ಣು ತಾನಾಗೇ ಮುಚ್ಚಿಕೊಂಡಿತು. ಮೂರನೆ ಸಲ ಅವನು ಕೈ ಚಾಚಿದ, ತಿಪ್ಪಮ್ಮನ ಹೆಬ್ಬೆರಳು ಚಿಟಕ್ಕೆಂದು ಆಡಿತು, ಅಪ್ಪ ಅಡ್ಡಡ್ಡ ಬಿದ್ದ. ಮತ್ತೆ ಎದ್ದು ಬಂದ, ಮತ್ತೆ ಚಿಟಕ್. ವರ್ಷಗಟ್ಟಲೆ ಕೂದಲೆಳೆ ಕಾದು ಹಿಡಿದ ಬೆರಳು ಅದು, ಮಿನುಗಿದ್ದು ತಪ್ಪುತ್ತದೆಯೇ? ಅವಳು ಒಂದು ಏಟೂ ಹೊಡೆಯಲಿಲ್ಲ. ಬಂದದ್ದನ್ನು ತಿರುಗಿಸಿದಳು, ಅಷ್ಟೇ.

"ಲೇ ಚಿಕ್ಕಜ್ಜಿ!" ಎಂದು ಸಿಂಧು ಕಿರುಚಿ, ತಾನು ಏನಂದೆ ಎಂದು ಗೊತ್ತಾಗಿ ಬಾಯಿ ಮುಚ್ಚಿಕೊಂಡಳು.

ಬೋರೇಶ ಕುರ್ಚಿ ತಗೊಂಡ. ಆಟದಲ್ಲಿ, ಅಪ್ಪನ ಕೈಗೆ ಕುರ್ಚಿ ಕೊಟ್ಟ.

"ಗರಡಿ ಶುರು ಮಾಡೋ ಮನ್ಶ ಕುರ್ಚಿ ತಗಂಡ್ನಲ್ಲ," ಎಂದಳು ತಿಪ್ಪಮ್ಮ, ಟೀವಿಯಿಂದ ಕಣ್ಣು ತೆಗೆಯದೆ. ಕುರ್ಚಿಯೂ ತಿರುಗಿತು. ಒಳ್ಳೆಯವನು ಎಂದು ಹಾಕಿದ್ದಕ್ಕೆ ಜನ ಅಷ್ಟಾದರೂ ಅಪ್ಪನಿಗೇ ಚಪ್ಪಾಳೆ ಹೊಡೆಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವನ ಪಟ್ಟಿ ಪೂರ್ತಿ ಖಾಲಿಯಾಯಿತು. ಮೊಣಕಾಲೂರಿ ನಡುವೆ ಕೂತ, ತಲೆ ತೂಗಾಡುತ್ತಿತ್ತು.

"ಬೀಳ್ಸಿ ಮೇಲೆ ಕುಂತ್ಕಳ್ರಿ ಚಿಕ್ಕಜ್ಜಿ, ಮೂರು ಎಣಿಸಿದ್ರೆ ಮುಗೀತು. ಬೇಗ, ಮತ್ತೆ ತುಂಬ್ಕಂತಾರೆ."

ತಿಪ್ಪಮ್ಮ ಡಬ್ಬಿಯನ್ನು ನೆಲದ ಮೇಲಿಟ್ಟಳು.

"ಸಾಕು. ಕುಂತ್ಕಳ್ಲಿ ಬಿಡು."

ನನಗೆ ಅವಳ ಈ ದೊಡ್ಡತನ ಬೇಕಿರಲಿಲ್ಲ. ಅರವತ್ತು ವರ್ಷ ಇದೇ ಆಗಿದೆ, ಅವಳು ಬಿಡುವುದು, ಬೇರೆಯವರು ತುಂಬಿಕೊಳ್ಳುವುದು. ಪಟ್ಟಿ ನಿಧಾನಕ್ಕೆ ಏರುತ್ತಿತ್ತು. ನಾನು ಡಬ್ಬಿಯನ್ನು ಎತ್ತಿಕೊಂಡೆ.

"ಯಾವುದೇ ಒತ್ಬೇಕು?"

"ಅದು, ಕೆಳಗಿಂದು. ಆಮೇಲೆ ಪಕ್ಕದ್ದು."

ಒತ್ತಿದೆ. ಬೆಳ್ಳಿ ಕೂದಲಿನ, ನೆಟ್ಟ ಕಾಲಿನ ತಿಪ್ಪಮ್ಮ ಅಪ್ಪನನ್ನು ಚಿತ್ ಮಾಡಿ ಮೇಲೆ ಬಿದ್ದಳು. ರೆಫ್ರಿ ನೆಲ ಬಡಿದು ಎಣಿಸಿದ. ಒಂದು, ಎರಡು, ಮೂರು. ಗಂಟೆ ಹೊಡೆಯಿತು. ಸಂತೋಷವಾಯಿತು ಎಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ಆದರೆ ಮತ್ತೆ ಆಡಿಸಿದರೆ ಮತ್ತೆ ಒತ್ತುತ್ತೇನೆ.

ಬೋರೇಶ ಎದ್ದು ಫ್ಲೆಕ್ಸ್ ಸುತ್ತಿದ.

"ಆಯ್ತಲ್ಲ, ಸಮಾಧಾನ ಆಯ್ತಾ? ಆಟ ಆಟಾನೇ ಅವ್ವ. ಬುಧವಾರ ಸಾಮಾನು ಬರ್ತಾವೆ. ಅಷ್ಟ್ರೊಳಗೆ ರೂಮು ಖಾಲಿ ಮಾಡ್ಸು."

"ನಿಮ್ಮ ಅಪ್ಪನ ಮನೆ ಏನೋ ಇದು?"

"ನಿಮ್ಮ ಅಪ್ಪನ ಮನೆ. ಅದುಕ್ಕೇ ಅವರ ಹೆಸ್ರು ಇಡ್ತಿರೋದು," ಎಂದು ಹೇಳಿ ಮೆಟ್ಟಿಲು ಹತ್ತಿ ಹೋದ. ಮಾತು ಚೆನ್ನಾಗಿ ಬರುತ್ತದೆ ಅವನಿಗೆ. ನನ್ನ ಮಗನಲ್ಲವೇ. ಆಟ ಗೆದ್ದದ್ದರಿಂದ ಒಂದು ಮೊಳ ಜಾಗವೂ ಉಳಿದಿರಲಿಲ್ಲ. ಕೋಣೆ ಹೋದ ಹಾಗೆಯೇ ಎಂದು ತಿಪ್ಪಮ್ಮನಿಗೂ ಅನ್ನಿಸಿತ್ತು, ಅರ್ಧಕ್ಕೆ ನಿಂತಿದ್ದ ಹಾಸನ್ನು ಮುಂದಕ್ಕೆ ಎಳೆದುಕೊಂಡು, ಬುಧವಾರದೊಳಗೆ ಮುಗಿಸಿಕೊಡಬೇಕು ಎಂದು ಸಂಜೆಯ ತನಕ ತಲೆಯೆತ್ತದೆ ಹೊಸೆದಳು. ನಾನು ಪಕ್ಕದಲ್ಲಿ ಕೂತೇ ಇದ್ದೆ.

ಮಾರನೆ ದಿನ ಬೆಳಿಗ್ಗೆ ಬೋರೇಶನ ಮನೆಯವರು ಚಳ್ಳಕೆರೆ ಬಸ್ಸು ಹತ್ತಿದ ಮೇಲೆ ಆಟೋ ಕರೆಸಿದೆ. ತಿಪ್ಪಮ್ಮ ಎಲ್ಲಿಗೆ ಎಂದು ಕೇಳಿದಳು, ಹೇಳಲಿಲ್ಲ, ಹತ್ತು ಎಂದೆ. ಬೈದುಕೊಂಡೇ ಹತ್ತಿದಳು. ಮೊಳಕಾಲ್ಮೂರಿನಲ್ಲಿ ನೋಂದಣಿ ಕಚೇರಿಯ ಎದುರು ಪತ್ರ ಬರೆಯುವವನ ಅಂಗಡಿಗೆ ಹೋಗಿ, ಖಾತೆಯ ಕಾಗದ ಮುಂದಿಟ್ಟು, ಬೀದಿ ಕಡೆಯ ಕೋಣೆ ಪೂರ್ತಿ, ಎರಡೂ ಬಾಗಿಲ ಸಮೇತ ಇವಳ ಹೆಸರಿಗೆ ಆಗಬೇಕು ಎಂದೆ. ಅವನು ಕನ್ನಡಕ ಏರಿಸಿಕೊಂಡು ಇಬ್ಬರನ್ನೂ ನೋಡಿದ.

"ತಂಗಿಗೆ ಕೊಡ್ತಾ ಇದೀರಿ. ದಾನಪತ್ರ ಅಂತ ಬರೀತೀನಿ ಅಜ್ಜಿ, ಸಲೀಸಾಗ್ತೈತೆ."

"ದಾನ ಕೊಡಾಕೆ ನಾನ್ಯಾರು? ಪಾಲು ಅಂತ ಬರಿ. ಅಪ್ಪಂದು ಆಸ್ತಿ, ಇಬ್ರು ಹೆಣ್ಮಕ್ಳು."

"ವಿಭಾಗ ಪತ್ರ ಅಂದ್ರೆ ಓಡಾಟ ಜಾಸ್ತಿ ಐತೆ."

"ಓಡಾಡ್ತೀನಿ. ನಂಗೆ ಕಾಲು ನೆಟ್ಟಗದಾವೆ."

ಅವನು ಬರೆಯಲು ಶುರು ಮಾಡಿದ. ತಿಪ್ಪಮ್ಮ ಬೆಂಚಿನ ಮೇಲೆ ಕಾಲು ಇಳಿಬಿಟ್ಟುಕೊಂಡು ಬೀದಿ ನೋಡುತ್ತಿದ್ದಳು.

"ಇದುಕ್ಕೆ ನಾನು ನಿನ್ನ ಕಾಲಿಗೆ ಬೀಳ್ತೀನಿ ಅಂತ ಕಾಯ್ಬ್ಯಾಡ," ಎಂದಳು.

"ಬೀಳ್ಬ್ಯಾಡ. ಬಿದ್ರೆ ಎತ್ತೋರ್ಯಾರು?"

ಪತ್ರ ಬರೆಯುವವನು ನಕ್ಕ. ನಾವು ನಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಾಗದ ಸಿದ್ಧವಾಯಿತು, ಆಫೀಸಿಗೆ ಯಾವತ್ತು ಬರಬೇಕು ಎಂದು ಹೇಳಿದ. ಮೂರನೆ ಕ್ಲಾಸಿನಲ್ಲಿ ಕಲಿತ ಅಕ್ಷರದಲ್ಲಿ ನಾನು ನನ್ನ ಹೆಸರು ಕೊರೆದೆ. ತಿಪ್ಪಮ್ಮ ಶಾಲೆಯ ಬಾಗಿಲು ಕಂಡವಳಲ್ಲ, ಅದಕ್ಕೆ ಮಸಿಯ ಡಬ್ಬಿ ತೆಗೆದು ಅವಳ ಹೆಬ್ಬೆರಳು ಹಿಡಿದೆ. ಅವಳು ನನ್ನ ಕೈ ಕೊಡವಿ, ಪೆನ್ನು ತಗೊಂಡು, ಗುಡಿಸು ಒತ್ತು ಒಂದೂ ತಪ್ಪದೆ, ದುಂಡಗೆ ತನ್ನ ಹೆಸರು ಬರೆದಳು.

"ಯಾವಾಗ ಕಲಿತೆ ಇದನ್ನ?" ಎಂದೆ.

"ನೀನ್ಯಾವತ್ತು ಕೇಳಿದ್ದೆ?" ಎಂದು ಹೇಳಿ ಆಟೋದವನಿಗೆ ಕೈ ಮಾಡಿದಳು.